ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಕೈಯನ್ನೊಮ್ಮೆ ನೋಡಿ: ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಹಾಗೂ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ನಮಸ್ಕಾರ.

ಮಾನ್ಯರೇ,

ಮೂಳೆ ಮುರಿದುಕೊಂಡವರು ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೆ ದಿನಾ ಬರುತ್ತಾರೆ. ಬೈಕ್‌ನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು, ಎಪಿಎಂಸಿಯಲ್ಲಿ ಮೂಟೆ ಹೊರುವಾಗ ಬಿದ್ದ ಹಮಾಲರು, ಚನ್ನಗಿರಿ ಕಡೆ ಅಡಿಕೆ ಮರದಿಂದ ಜಾರಿದವರು. ಬಹಳಷ್ಟು ಜನರ ಮೂಳೆ ಕೂಡಿಕೊಳ್ಳುತ್ತದೆ, ನೋವು ಇಳಿಯುತ್ತದೆ, ಅವರು ಕೆಲಸಕ್ಕೆ ಹೋಗುತ್ತಾರೆ. ಕೆಲವರಿಗೆ ಮಾತ್ರ ಮೂಳೆ ಕೂಡಿದರೂ ನೋವು ಇಳಿಯುವುದಿಲ್ಲ, ಏರುತ್ತಾ ಹೋಗುತ್ತದೆ. ಆ ಕೆಲವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನೂ ಅವರಲ್ಲಿ ಒಬ್ಬಳು.

ಈ ಕಾಯಿಲೆಯ ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್. ವೈದ್ಯರು ಚಿಕ್ಕದಾಗಿ ಸಿಆರ್‌ಪಿಎಸ್ ಅನ್ನುತ್ತಾರೆ. ಕೈಗೋ ಕಾಲಿಗೋ ಪೆಟ್ಟು ಬಿದ್ದ ಮೇಲೆ, ಮೂಳೆ ಮುರಿದ ಮೇಲೆ, ಕೆಲವೊಮ್ಮೆ ಆಪರೇಷನ್ ಆದ ಮೇಲೆ ಬರುತ್ತದೆ. ಬರೀ ಉಳುಕಿದ್ದಕ್ಕೂ ಬರುವುದುಂಟು. ಬಿದ್ದ ಪೆಟ್ಟಿಗೂ ಆಗುವ ನೋವಿಗೂ ತಾಳೆಯೇ ಇರುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಮೂರು-ನಾಲ್ಕು ಪಟ್ಟು ಜಾಸ್ತಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಮಳೆಗಾಲದಲ್ಲಿ ಪಿ.ಬಿ. ರಸ್ತೆ ದಾಟುವಾಗ ಜಾರಿ ಬಿದ್ದೆ. ಎಡಗೈ ಊರಿದೆ, ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು. ಸ್ವಲ್ಪ ದಿನಕ್ಕೆ ಒಳಗೆ ಉರಿ ಶುರುವಾಯಿತು. ಹೇಳಿದೆ. 'ವಾಸಿಯಾಗುವಾಗ ಹಾಗೇ ಆಗುತ್ತೆ' ಅಂದರು. ಪ್ಲಾಸ್ಟರ್ ಬಿಚ್ಚಿದಾಗ ಕೈ ಊದಿತ್ತು. ಚರ್ಮ ಹೊಳೆಯುತ್ತಿತ್ತು, ಬಣ್ಣ ಕೆಂಪಿನಿಂದ ನೇರಳೆಗೆ ತಿರುಗಿತ್ತು. ಎಡ ಅಂಗೈ ಮಾತ್ರ ಬೆವರುತ್ತಿತ್ತು. ಸೀರೆಯ ಸೆರಗು ತಾಗಿದರೆ ಕೂಗಿಕೊಳ್ಳುತ್ತಿದ್ದೆ. ಫ್ಯಾನ್ ಗಾಳಿ ಆ ಕೈಗೆ ಬೀಸದಂತೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಮಲಗುವುದು ಎಂದರೆ ಏನು ಅಂತ ನಿಮಗೆ ಗೊತ್ತೇ ಇದೆ.

ಎಕ್ಸ್‌ರೇ ತೆಗೆಸಿದರು. ಮೂಳೆ ಚೆನ್ನಾಗಿ ಕೂಡಿತ್ತು. ರಕ್ತ ಪರೀಕ್ಷೆಯೂ ಸರಿಯಿತ್ತು. ಅಲ್ಲಿಂದ ಮುಂದೆ ನನ್ನ ಮಾತು ಕೇಳುವವರು ಕಡಿಮೆಯಾದರು. 'ರಿಪೋರ್ಟಲ್ಲಿ ಏನೂ ಇಲ್ಲವಲ್ಲ ಮೇಡಂ, ಧೈರ್ಯ ತಂದುಕೊಳ್ಳಿ' ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ನನ್ನ ಎದುರಿಗೇ ನಮ್ಮ ಯಜಮಾನರನ್ನು 'ಮನೇಲಿ ಏನಾದರೂ ಟೆನ್ಷನ್ ಇದೆಯಾ?' ಅಂತ ಕೇಳಿದರು. ಶಾಲೆಯಲ್ಲಿ ರಜೆ ಅರ್ಜಿ ಕೊಟ್ಟಾಗ, ಪ್ಲಾಸ್ಟರ್ ಬಿಚ್ಚಿ ಆಯಿತಲ್ಲ, ಇನ್ನೇನು ಅಂದರು. ಅಕ್ಕಪಕ್ಕದವರು ದುಗ್ಗಮ್ಮನಿಗೆ ಹರಕೆ ಹೊತ್ತುಕೊಳ್ಳಿ ಅಂದರು, ನಾಟಿ ಎಣ್ಣೆ ತಂದು ಕೊಟ್ಟರು. ಅವರದು ಪ್ರೀತಿಯೇ. ಆದರೆ ಮುಟ್ಟಲೂ ಆಗದ ಕೈಯನ್ನು ಗಟ್ಟಿಯಾಗಿ ತಿಕ್ಕಿದ ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ.

ಇಲ್ಲಿ ಯಾವ ಕ್ಲಿನಿಕ್ಕಿನ, ಯಾವ ವೈದ್ಯರ ಹೆಸರನ್ನೂ ಹೇಳುವುದಿಲ್ಲ. ಯಾರ ಮೇಲೂ ದೂರು ಕೊಡಲು ಬರೆಯುತ್ತಿಲ್ಲ. ಮಳೆಗಾಲದಲ್ಲಿ ಬಿದ್ದವಳಿಗೆ ಕಾಯಿಲೆಯ ಹೆಸರು ತಿಳಿದಿದ್ದು ಯುಗಾದಿ ಕಳೆದ ಮೇಲೆ, ಅದೂ ಬೆಂಗಳೂರಿನಲ್ಲಿ. ಅಲ್ಲಿನ ವೈದ್ಯರು ಫೈಲು ತೆರೆಯುವ ಮೊದಲು 'ಎರಡೂ ಕೈ ಮೇಜಿನ ಮೇಲಿಡಿ' ಅಂದರು. ಎರಡನ್ನೂ ಪಕ್ಕಪಕ್ಕ ನೋಡಿದರು. ತಮ್ಮ ಅಂಗೈಯ ಹಿಂಬದಿಯಿಂದ ಮುಟ್ಟಿ ಯಾವುದು ಬಿಸಿ, ಯಾವುದು ತಣ್ಣಗಿದೆ ಅಂತ ನೋಡಿದರು. ಹತ್ತಿಯ ತುಂಡಿನಿಂದ ಸವರಿದರು. ಬೆರಳು ಮಡಚಲು ಹೇಳಿದರು. ಉಗುರು ನೋಡಿದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಅಷ್ಟಕ್ಕೆ ಯಾವ ಮೆಷಿನ್ನೂ ಬೇಕಾಗಲಿಲ್ಲ.

ಮಾನ್ಯರೇ, ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಈ ಕಾಯಿಲೆಯನ್ನು ಖಚಿತವಾಗಿ ತೋರಿಸುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಎಕ್ಸ್‌ರೇಯಲ್ಲಿ ಕೆಲವರಿಗೆ ಮೂಳೆ ಅಲ್ಲಲ್ಲಿ ಸವೆದದ್ದು ಕಾಣಬಹುದು, ಕಾಣದೆಯೂ ಇರಬಹುದು. ಇದನ್ನು ಗುರುತಿಸುವುದು ಕಣ್ಣಿನಿಂದ, ಕೈಯಿಂದ, ಕೇಳುವ ಪ್ರಶ್ನೆಗಳಿಂದ. ಅದಕ್ಕೆ ಒಪ್ಪಿತವಾದ ಕ್ರಮವೂ ಇದೆ. 2003ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ತಜ್ಞರು ಸೇರಿ ಚರ್ಚಿಸಿದ್ದರಿಂದ ಅದಕ್ಕೆ ಬುಡಾಪೆಸ್ಟ್ ಮಾನದಂಡ ಅಂತಲೇ ಹೆಸರು. ನಾಲ್ಕು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ. ಮುಟ್ಟಿದರೆ ಆಗಬಾರದಷ್ಟು ನೋವು ಆಗುತ್ತದೆಯೇ? ಎರಡು ಕೈಗಳ ಬಿಸಿಯಲ್ಲಿ, ಬಣ್ಣದಲ್ಲಿ ವ್ಯತ್ಯಾಸ ಇದೆಯೇ? ಬಾವು ಇದೆಯೇ, ಬೆವರು ಹೆಚ್ಚುಕಡಿಮೆ ಆಗಿದೆಯೇ? ಅಲ್ಲಾಡಿಸಲು ಕಷ್ಟವೇ, ನಡುಕ ಇದೆಯೇ, ಕೂದಲು, ಉಗುರು, ಚರ್ಮ ಬದಲಾಗಿದೆಯೇ? ರೋಗಿ ಇವುಗಳಲ್ಲಿ ಕನಿಷ್ಠ ಮೂರು ಗುಂಪಿನ ತೊಂದರೆ ಹೇಳಬೇಕು. ವೈದ್ಯರ ಕಣ್ಣಿಗೆ ಕನಿಷ್ಠ ಎರಡು ಗುಂಪಿನದು ಕಾಣಬೇಕು. ಜೊತೆಗೆ, ಬೇರೆ ಯಾವ ಕಾಯಿಲೆಯೂ ಇದನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು.

ಆ ಕೊನೆಯ ಮಾತು ಬಹಳ ಮುಖ್ಯ. ಊದಿದ, ಕೆಂಪಾದ ಕೈಯೆಲ್ಲ ಸಿಆರ್‌ಪಿಎಸ್ ಅಲ್ಲ. ಸೋಂಕು ಇರಬಹುದು, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ನರ ಒತ್ತಿಕೊಂಡಿರಬಹುದು. ಪ್ಲಾಸ್ಟರ್ ಇನ್ನೂ ಕೈಮೇಲೆ ಇರುವಾಗಲೇ ತಡೆಯಲಾರದ ನೋವು ಬಂದು ಬೆರಳು ಮರಗಟ್ಟಿದರೆ ಅದು ಬಿಗಿಯಾಗಿರಬಹುದು, ಆಗ ಒಂದು ಗಂಟೆಯೂ ಕಾಯಬಾರದು. ಇವನ್ನೆಲ್ಲ ನೋಡಿ, ಇಲ್ಲ ಅಂತ ಗೊತ್ತಾದ ಮೇಲೆ ನಾನು ಹೇಳುತ್ತಿರುವ ಕಾಯಿಲೆಯ ಬಗ್ಗೆ ಯೋಚಿಸಬೇಕು. ಯೋಚಿಸಲೇಬೇಕು ಅನ್ನುವುದೇ ನನ್ನ ಬೇಡಿಕೆ.

ಇದು ಹೊಸ ಕಾಯಿಲೆಯೂ ಅಲ್ಲ. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರ ಕೈಕಾಲಿನಲ್ಲಿ ವಾಸಿಯಾಗದ ಉರಿಯನ್ನು ಸೈಲಾಸ್ ವೀರ್ ಮಿಚೆಲ್ ಅನ್ನುವ ವೈದ್ಯರು ನೋಡಿ ಬರೆದಿಟ್ಟರು. 1900ರಲ್ಲಿ ಜರ್ಮನಿಯ ವೈದ್ಯ ಪಾಲ್ ಸೂಡೆಕ್ ಮೂಳೆ ಸವೆಯುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದರು. ಈಗಿನ ಹೆಸರು ಬಂದದ್ದು 1994ರಲ್ಲಿ. ನೂರೈವತ್ತು ವರ್ಷಕ್ಕೂ ಹಿಂದೆ ಕಂಡ ಕಾಯಿಲೆಯನ್ನು ಇವತ್ತು ಹೆಣ್ಣುಮಕ್ಕಳ ನಾಟಕ ಅಂತ ಕರೆಯುವುದು ನ್ಯಾಯವೇ?

ಒಳಗೆ ಏನಾಗುತ್ತದೆ ಅನ್ನುವುದು ಪೂರ್ತಿ ಬಗೆಹರಿದಿಲ್ಲ. ಆದರೆ ಸಾಕಷ್ಟು ತಿಳಿದಿದೆ. ಪೆಟ್ಟು ಬಿದ್ದ ಜಾಗದ ನರಗಳು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತವೆ. ರಕ್ತನಾಳ ಹಿಗ್ಗಿಸುವ, ಕುಗ್ಗಿಸುವ, ಬೆವರು ಬರಿಸುವ ನರಗಳ ಲೆಕ್ಕ ತಪ್ಪುತ್ತದೆ. ಬೆನ್ನುಹುರಿ ಮತ್ತು ಮೆದುಳು ನೋವಿಗೆ ಅತಿಯಾಗಿ ಸ್ಪಂದಿಸುವುದನ್ನು ಕಲಿತುಬಿಡುತ್ತವೆ. ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ: ಕಾಲಿಂಗ್ ಬೆಲ್ ಒತ್ತಿದವರು ಹೊರಟು ಹೋಗಿದ್ದಾರೆ, ಸ್ವಿಚ್ ಮಾತ್ರ ಒಳಗೇ ಸಿಕ್ಕಿಕೊಂಡಿದೆ, ಬೆಲ್ ಬಾರಿಸುತ್ತಲೇ ಇದೆ. ಮೆದುಳಿನಲ್ಲಿ ನಮ್ಮ ಕೈಗೆಂದು ಒಂದು ಜಾಗ ಇರುತ್ತದಲ್ಲ, ಈ ಕಾಯಿಲೆಯಲ್ಲಿ ಅದೂ ಏರುಪೇರಾಗುತ್ತದೆ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ. ಅದಕ್ಕೇ ಇರಬೇಕು, ಎಷ್ಟೋ ರೋಗಿಗಳು ಆ ಕೈ ತಮ್ಮದಲ್ಲ ಅನ್ನುತ್ತಾರೆ.

ಈ ಮಾತನ್ನು ನಾನು ಫಿಸಿಯೋಥೆರಪಿಗೆ ಹೋಗುವಲ್ಲಿ ಒಬ್ಬ ಹೆಣ್ಣುಮಗಳ ಬಾಯಿಂದ ಕೇಳಿದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವಾಕೆ. ಕಾಲಿನ ಕೀಲಿನ ಹತ್ತಿರ ಮುರಿದಿತ್ತು. 'ನನ್ನ ಕಾಲು ನಂದಲ್ಲ ಅನ್ನಿಸ್ತೈತ್ರಿ ಮೇಡಂ. ಕಡಿದು ಹಾಕ್ರಿ ಅಂತ ಡಾಕ್ಟ್ರಿಗೆ ಕೇಳೀನಿ' ಅಂದಳು. ಭಟ್ಟಿಯ ಬಿಸಿ ತಾಗಿದರೆ ಆಕೆಗೆ ನಿಲ್ಲಲು ಆಗುವುದಿಲ್ಲ. ಕೆಲಸ ಹೋಯಿತು. ನನಗೆ ಸಂಬಳ ಇದೆ, ರಜೆ ಇದೆ, ಬೆಂಗಳೂರಿನ ಬಸ್ಸು ಹತ್ತಿಸುವ ಗಂಡ ಇದ್ದಾರೆ. ಆಕೆಗೆ ಇವು ಯಾವುವೂ ಇಲ್ಲ. ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಒಂದು ಹೆಸರು ತಿಳಿದುಕೊಂಡು ಬರುವುದು ಆಕೆಯಿಂದ ಆಗುವ ಮಾತಲ್ಲ. ಈ ಪತ್ರ ಬರೆಯಲೇಬೇಕು ಅನ್ನಿಸಿದ್ದು ಆಕೆಯನ್ನು ಕಂಡ ಮೇಲೆ.

ಅಪರೂಪದ ಕಾಯಿಲೆ, ಎಷ್ಟು ಜನಕ್ಕೆ ಬರುತ್ತೆ ಬಿಡಿ ಅಂತ ನೀವು ಅನ್ನಬಹುದು. ಅಮೆರಿಕದ ಮಿನ್ನೆಸೋಟದ ಒಂದು ಅಧ್ಯಯನದಲ್ಲಿ ವರ್ಷಕ್ಕೆ ಲಕ್ಷಕ್ಕೆ 5ರಿಂದ 6 ಹೊಸ ರೋಗಿಗಳು ಸಿಕ್ಕರು. ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಲಕ್ಷಕ್ಕೆ 26. ಹರಪನಹಳ್ಳಿ ತಾಲ್ಲೂಕು ನಮ್ಮ ಜಿಲ್ಲೆ ಬಿಟ್ಟು ಹೋದ ಮೇಲೂ 2011ರ ಜನಗಣತಿಯ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲಿ 16 ಲಕ್ಷದಷ್ಟು ಜನ ಇದ್ದೇವೆ. ಆ ದೇಶಗಳ ಕಡಿಮೆ ಲೆಕ್ಕವನ್ನೇ ಇಲ್ಲಿಗೆ ಹಿಡಿದರೂ ವರ್ಷಕ್ಕೆ 80ಕ್ಕಿಂತ ಹೆಚ್ಚು ಹೊಸಬರು. ಜಾಸ್ತಿ ಲೆಕ್ಕ ಹಿಡಿದರೆ 400 ದಾಟುತ್ತದೆ. ಅವರೆಲ್ಲ ಎಲ್ಲಿದ್ದಾರೆ? ಜಗಳೂರಿನಲ್ಲೋ ನ್ಯಾಮತಿಯಲ್ಲೋ ಮನೆಯೊಳಗೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾರೆ. ಹೆಸರು ಸಿಗದ್ದರಿಂದ ಯಾವ ಲೆಕ್ಕದಲ್ಲೂ ಇಲ್ಲ.

ಬೇಗ ಗುರುತಿಸಬೇಕು ಅಂತ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಶುರುವಾದರೆ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಎಷ್ಟೋ ಜನ ಒಂದು ವರ್ಷದೊಳಗೆ ಸುಧಾರಿಸುತ್ತಾರೆ. ತಡವಾದಷ್ಟೂ ನೋವಿಗೆ ಹೆದರಿ ಕೈ ಅಲ್ಲಾಡಿಸುವುದನ್ನು ಬಿಡುತ್ತೇವೆ, ಬಿಟ್ಟಷ್ಟೂ ಕೀಲು ಹಿಡಿದುಕೊಳ್ಳುತ್ತದೆ, ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. 'ಕೈಗೆ ವಿಶ್ರಾಂತಿ ಕೊಡಿ' ಅನ್ನುವ ಸಲಹೆ ಎಲ್ಲರಿಗೂ ಒಳ್ಳೆಯದು ಅನ್ನಿಸುತ್ತದೆ. ನಮಗೆ ಅದೇ ಕೆಡುಕು. ಬಾವು ಇಳಿಯಲಿ ಅಂತ ಐಸ್ ಇಡುವುದೂ ನಮ್ಮಲ್ಲಿ ಅನೇಕರಿಗೆ ನೋವು ಹೆಚ್ಚಿಸುತ್ತದೆ.

ಚಿಕಿತ್ಸೆಯ ಬೆನ್ನೆಲುಬು ಫಿಸಿಯೋಥೆರಪಿ. ಎಳೆದು, ತಿರುಚಿ ಮಾಡುವ ವ್ಯಾಯಾಮ ಅಲ್ಲ. ನೋವಿನ ಮಿತಿ ನೋಡಿಕೊಂಡು ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗುವುದು. ಮೊದಲು ಹತ್ತಿ, ಆಮೇಲೆ ಮೆತ್ತನೆಯ ಬಟ್ಟೆ, ಆಮೇಲೆ ಒರಟು ಟವೆಲ್ಲು, ಹೀಗೆ ಚರ್ಮಕ್ಕೆ ಸ್ಪರ್ಶವನ್ನು ಮತ್ತೆ ರೂಢಿ ಮಾಡಿಸುವುದು. ಕನ್ನಡಿ ಚಿಕಿತ್ಸೆ ಅಂತ ಒಂದಿದೆ. ಕನ್ನಡಿಯನ್ನು ಎರಡು ಕೈಗಳ ಮಧ್ಯೆ ನಿಲ್ಲಿಸಿ, ನೋವಿನ ಕೈಯನ್ನು ಅದರ ಹಿಂದೆ ಇಟ್ಟು, ಒಳ್ಳೆಯ ಕೈಯ ಪ್ರತಿಬಿಂಬ ನೋಡುತ್ತಾ ಅಲ್ಲಾಡಿಸುವುದು. ಮೆದುಳಿಗೆ ಎರಡೂ ಕೈ ಸಲೀಸಾಗಿ ಆಡುತ್ತಿರುವಂತೆ ಕಾಣುತ್ತದೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲೇ ಆಗುವ ನೋವಿಗೆ ಇದನ್ನು 1990ರ ದಶಕದಲ್ಲಿ ಬಳಕೆಗೆ ತಂದವರು ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್. ಆಮೇಲೆ ನಮ್ಮ ಕಾಯಿಲೆಗೂ ಬಂತು. ಮೊದಲ ದಿನ ನನಗೆ ತಲೆ ಸುತ್ತಿತು, ಅಳು ಬಂತು. ಇಂದು ನನ್ನ ಎಡಗೈಯಲ್ಲಿ ಹಾಜರಿ ಪುಸ್ತಕ ಹಿಡಿಯುತ್ತೇನೆ. ಪೂರ್ತಿ ಗುಣವಾಗಿಲ್ಲ. ಚಳಿಗಾಲದಲ್ಲಿ ಕಷ್ಟ ಆಗುತ್ತದೆ. ಆದರೂ ಇದು ಒಂದು ಕನ್ನಡಿಯ ಬೆಲೆಯಲ್ಲಿ ಆಗುವ ಕೆಲಸ, ಅಲ್ವಾ?

ಔಷಧಿಯೂ ಬೇಕು. ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್ ಕೆಲವರಿಗೆ ಸಹಾಯ ಮಾಡುತ್ತವೆ. ಶುರುವಿನ ದಿನಗಳಲ್ಲಿ ಸ್ವಲ್ಪ ಕಾಲ ಸ್ಟಿರಾಯ್ಡ್, ಇಲ್ಲವೇ ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೋನೇಟ್ ಕೊಡುವುದುಂಟು. ಇವೆಲ್ಲ ವೈದ್ಯರು ನೋಡಿ ಕೊಡಬೇಕಾದವು. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬಾರದು, ಏಕ್‌ದಂ ನಿಲ್ಲಿಸಲೂಬಾರದು. ಅಷ್ಟಕ್ಕೂ ಬಗ್ಗದಿದ್ದರೆ ಅರಿವಳಿಕೆ ತಜ್ಞರು ಕುತ್ತಿಗೆಯ ಅಥವಾ ಸೊಂಟದ ನರದ ಗಂಟಿಗೆ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಬೆನ್ನುಹುರಿಯ ಹತ್ತಿರ ಸಣ್ಣ ಕರೆಂಟು ಕೊಡುವ ಸಾಧನ ಕೂರಿಸುವುದೂ ಇದೆ. ಅದು ಲಕ್ಷಗಳ ಮಾತು. ಮಣಿಕಟ್ಟು ಮುರಿದವರಿಗೆ ಮೊದಲ 50 ದಿನ ವಿಟಮಿನ್ ಸಿ ಕೊಟ್ಟರೆ ಈ ಕಾಯಿಲೆ ಬರುವುದು ಕಡಿಮೆ ಅಂತ 1999ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನ ಹೇಳಿತು. ಆಮೇಲಿನ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ನಿಮ್ಮ ಮೂಳೆ ವೈದ್ಯರು ಕೂತು ಅದನ್ನೊಮ್ಮೆ ಚರ್ಚೆ ಮಾಡಲಿ.

ಮನಸ್ಸಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಹಗಲು ರಾತ್ರಿ ಉರಿಯುವ ಕೈ ಇಟ್ಟುಕೊಂಡು, ಯಾರೂ ನಂಬದೆ ಹೋದರೆ ಬದುಕು ಸಾಕು ಅನ್ನಿಸುತ್ತದೆ. ಆ ಬೇಸರ ನೋವಿನಿಂದ, ಒಂಟಿತನದಿಂದ ಹುಟ್ಟಿದ್ದು. ಬೇಸರದಿಂದ ನೋವು ಬಂತು ಅಂತ ತಿರುಗಿಸಿ ಹೇಳಬೇಡಿ. ಆಪ್ತ ಸಮಾಲೋಚನೆ ನನಗೆ ನಿಜಕ್ಕೂ ಸಹಾಯ ಮಾಡಿತು, ಅದು ಚಿಕಿತ್ಸೆಯ ಭಾಗವೇ. ಇದನ್ನು ಓದುವ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕಟ್ಟಬೇಕಿಲ್ಲ.

ಈಗ ನಿಮ್ಮಿಂದ ಏನು ಬೇಕು ಅಂತ ಹೇಳುತ್ತೇನೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ನಮ್ಮ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ನಮಗೆ ಅಷ್ಟು ದುಡ್ಡೂ ಬೇಡ. ಪ್ಲಾಸ್ಟರ್ ಬಿಚ್ಚುವ ಕೋಣೆಯಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸಿ. ಮೇಲೆ ಬರೆದ ನಾಲ್ಕು ಪ್ರಶ್ನೆಗಳು ಅದರಲ್ಲಿ ಕನ್ನಡದಲ್ಲಿರಲಿ. ಪ್ಲಾಸ್ಟರ್ ಬಿಚ್ಚುವವರು ವೈದ್ಯರೇ ಆಗಿರಬೇಕಿಲ್ಲ, ಅಲ್ಲಿನ ಸಿಬ್ಬಂದಿಯೇ ಎರಡು ಕೈ ಪಕ್ಕಪಕ್ಕ ಇಡಿಸಿ ನೋಡಬಹುದು. ಅನುಮಾನ ಬಂದರೆ ಚೀಟಿಯ ಮೇಲೆ ಬರೆದು ವೈದ್ಯರ ಹತ್ತಿರ ಕಳಿಸಲಿ. ಇದಕ್ಕೆ ತಗಲುವುದು ಐದು ನಿಮಿಷ.

ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ನೀವು ಸಭೆಗೆ ಕರೆಯುತ್ತೀರಲ್ಲ, ಅದರಲ್ಲಿ ಒಂದು ಗಂಟೆ ಇದಕ್ಕೆ ಕೊಡಿ. ಫಿಸಿಯೋಥೆರಪಿಸ್ಟರನ್ನೂ ಕೂರಿಸಿ. ಪಾಠ ಮಾಡುವವರಿಗೆ ನಮ್ಮೂರಿನಲ್ಲಿ ಬರವಿಲ್ಲ. 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ಇದು, ಈಗ ಎರಡಿವೆ. ಆಶಾ ಕಾರ್ಯಕರ್ತೆಯರಿಗೂ ಹೇಳಿ, ಯಾಕೆಂದರೆ ಪ್ಲಾಸ್ಟರ್ ಬಿಚ್ಚಿಸಿಕೊಂಡು ಹಳ್ಳಿಗೆ ಹೋದ ಹೆಂಗಸು ಮತ್ತೆ ಆಸ್ಪತ್ರೆಗೆ ಬರುವುದು ಕಡಿಮೆ. ಅವಳ ಮನೆಗೆ ಹೋಗುವವರು ಇವರೇ. ನಾಟಿ ಕಟ್ಟು ಹಾಕುವವರ ಹತ್ತಿರ ಜನ ಹೋಗುವುದನ್ನು ನೀವು ತಪ್ಪಿಸಲಾರಿರಿ. ಅವರನ್ನು ಬೈದು ದೂರ ಇಡುವ ಬದಲು, ಇಂಥ ಕೈ ಕಂಡರೆ ನಮ್ಮಲ್ಲಿಗೆ ಕಳಿಸಿ ಅಂತ ತಿಳಿಸಿದರೆ ಒಳ್ಳೆಯದು.

ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನವನ್ನು ದೀರ್ಘಕಾಲದ ನೋವಿಗೆಂದೇ ಮೀಸಲಿಡಿ. ಮೂಳೆ ವೈದ್ಯರು, ಅರಿವಳಿಕೆ ತಜ್ಞರು, ಫಿಸಿಯೋಥೆರಪಿಸ್ಟ್, ಆಪ್ತ ಸಮಾಲೋಚಕರು ಒಂದೇ ಕಡೆ ಸಿಗುವಂತಾಗಲಿ. ಈಗ ಒಬ್ಬರಿಂದ ಒಬ್ಬರಿಗೆ ಓಡಾಡುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಬರೀ ನಮ್ಮ ಕಾಯಿಲೆಗೇ ಅಂತಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರು, ಸರ್ಪಸುತ್ತು ಹೋದರೂ ನೋವು ಉಳಿದವರು, ಕ್ಯಾನ್ಸರ್ ನೋವಿನವರು ಎಲ್ಲರೂ ಬರುತ್ತಾರೆ. ದೂರದವರಿಗೆ ವಿಡಿಯೋದಲ್ಲೇ ವೈದ್ಯರ ಸಲಹೆ ಸಿಗುವ ಸರ್ಕಾರದ ಇ-ಸಂಜೀವಿನಿ ಇದೆ. ಜಗಳೂರಿನ ವೈದ್ಯರು ಅಲ್ಲಿಂದಲೇ ರೋಗಿಯ ಕೈಯನ್ನು ಕ್ಯಾಮೆರಾ ಮುಂದೆ ಹಿಡಿಸಿ ಇಲ್ಲಿನ ತಜ್ಞರನ್ನು ಕೇಳಬಹುದು. ಬಣ್ಣ, ಬಾವು ಪರದೆಯ ಮೇಲೂ ಕಾಣುತ್ತದೆ.

ಅಂಗವಿಕಲತೆಯ ಸರ್ಟಿಫಿಕೇಟಿನದು ಇನ್ನೊಂದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಯ ಪಟ್ಟಿ ಇದೆ. ಅದರಲ್ಲಿ ದೀರ್ಘಕಾಲದ ನೋವು ಇಲ್ಲ. ಸರ್ಟಿಫಿಕೇಟ್ ಕೊಡುವ ವೈದ್ಯರ ಬೋರ್ಡಿನ ಮುಂದೆ ಹೋದರೆ ಕೀಲು ಎಷ್ಟು ಬಗ್ಗುತ್ತದೆ, ಶಕ್ತಿ ಎಷ್ಟಿದೆ ಅಂತ ಅಳೆಯುತ್ತಾರೆ. ಮುಟ್ಟಿದರೆ ಆಗುವ ಉರಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ 40 ಪರ್ಸೆಂಟ್ ಬರುವುದು ಕಷ್ಟ. ಕಾಯ್ದೆ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಕಾಯಿಲೆಯ ಹೆಸರು, ಯಾವ ಕೆಲಸ ಮಾಡಲು ಆಗುವುದಿಲ್ಲ, ಎಷ್ಟು ದಿನ ಹಗುರ ಕೆಲಸ ಕೊಡಬೇಕು ಅಂತ ಸ್ಪಷ್ಟವಾಗಿ ಬರೆದ ಒಂದು ವೈದ್ಯಕೀಯ ಪತ್ರ ಕೊಡುವುದು ನಿಮ್ಮ ಆಸ್ಪತ್ರೆಗಳಿಂದ ಆಗುತ್ತದೆ. ಅಂಥ ಒಂದು ಪತ್ರ ಕೈಯಲ್ಲಿದ್ದಿದ್ದರೆ ಮಂಡಕ್ಕಿ ಭಟ್ಟಿಯ ಆ ಹೆಣ್ಣುಮಗಳು ಬಿಸಿಯಿಂದ ದೂರ, ಚೀಲ ಹೊಲಿಯುವ ಕೆಲಸವನ್ನಾದರೂ ಕೇಳಬಹುದಿತ್ತು. ಜೊತೆಗೆ ಇಂಥ ರೋಗಿಗಳ ಲೆಕ್ಕ ಇಡಲು ಶುರು ಮಾಡಿ. ನಾಳೆ ಸರ್ಕಾರದ ಮುಂದೆ ನಮ್ಮ ಪರವಾಗಿ ಮಾತಾಡಲು ನಿಮಗೂ ಒಂದು ಅಂಕಿ ಬೇಕಲ್ಲ.

ಗೋಡೆಗೆ ಅಂಟಿಸುವ ಆ ಹಾಳೆಯ ಕರಡನ್ನು ಸರಳ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ವೈದ್ಯರು ನೋಡಿ ತಿದ್ದಿದರೆ ಸಾಕು. ವೈದ್ಯರ ಸಭೆಗೆ ಕರೆದರೆ ನಾನೂ ನನ್ನ ಜೊತೆಯ ಕೆಲವು ರೋಗಿಗಳೂ ಬಂದು ಕೈಕಾಲು ತೋರಿಸಲು ತಯಾರಿದ್ದೇವೆ. ಪುಸ್ತಕದ ಚಿತ್ರಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಮೇಲೆ ಯಾವಾಗ ಕರೆದರೂ ಬರುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಹಾಳೆಯ ಕರಡಿನ ಜೊತೆ ನಿಮ್ಮ ಕಚೇರಿಯ ಟಪಾಲಿಗೂ ಕೊಡುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ, ದಾವಣಗೆರೆ